ಹಳೆಯ ಫೋರ್ ವೀಲ್ ಡ್ರೈವ್: ಬಿಚ್ಚುವ ಮೊದಲು ಆಯಿಲ್ ಇಳಿಸಿ ನೋಡಿ

ಪ್ರಶ್ನೆ: ಮೂರು ತಿಂಗಳ ಹಿಂದೆ ಹದಿನೆಂಟು ವರ್ಷ ಹಳೆಯ ಡೀಸೆಲ್ ಫೋರ್ ವೀಲ್ ಡ್ರೈವ್ ಎಸ್‌ಯುವಿ ಒಂದನ್ನು ಕೊಂಡೆ. 2,10,000 ಕಿಲೋಮೀಟರ್ ಓಡಿದೆ, ಎಂಜಿನ್ ಚೆನ್ನಾಗಿದೆ. ಹಿಂದಿನ ಮಾಲೀಕರು ನಾಲ್ಕು ಚಕ್ರದ ಲಿವರ್ ಮುಟ್ಟಿಯೇ ಇರಲಿಲ್ಲವಂತೆ. ಮೊನ್ನೆ ಡಾಂಬರು ರಸ್ತೆಯಲ್ಲಿ 4 ಎಚ್‌ಗೆ, ಎಂದರೆ ನಾಲ್ಕೂ ಚಕ್ರ ಎಳೆಯುವ ಸ್ಥಾನಕ್ಕೆ, ಹಾಕಿ ನೋಡಿದೆ. ನೇರ ಹೋಗುವಾಗ ಏನೂ ಅನಿಸಲಿಲ್ಲ. ತಿರುವಿನಲ್ಲಿ ಸ್ಟೀರಿಂಗ್ ಬಿಗಿಯಾಗಿ ಗಾಡಿ ಕುಪ್ಪಳಿಸಿತು. ಆಮೇಲೆ ಲಿವರ್ ಎರಡು ಚಕ್ರದ ಸ್ಥಾನವಾದ 2 ಎಚ್‌ಗೆ ಬರಲೇ ಇಲ್ಲ. ಬಹಳ ಹೊತ್ತು ಒದ್ದಾಡಿದ ಮೇಲೆ ಬಂತು. ಟ್ರಾನ್ಸ್‌ಫರ್ ಕೇಸ್ (ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಗೇರು ಪೆಟ್ಟಿಗೆ) ಹೋಗಿದೆ, ಇಳಿಸಿ ಬಿಚ್ಚಬೇಕು ಎಂದು ಮೆಕ್ಯಾನಿಕ್ ಹೇಳುತ್ತಾರೆ. ಇತ್ತೀಚೆಗೆ ಹಿಂದಿನ ಎರಡು ಟೈರ್ ಹೊಸದು ಹಾಕಿಸಿದ್ದೇನೆ, ಮುಂದಿನವು ಹಳೆಯವೇ. ಬಿಚ್ಚಿಸಲೇ, ಮಾರಿಬಿಡಲೇ? ಇಟ್ಟುಕೊಂಡರೆ ಮೊದಲು ಏನು ಮಾಡಿಸಬೇಕು? ಗಾಡಿಯನ್ನು ಎತ್ತರಿಸಿ ದೊಡ್ಡ ಟೈರ್ ಹಾಕಿಸುವ ಆಸೆಯೂ ಇದೆ.

ಉತ್ತರ: ಈಗಲೇ ಬಿಚ್ಚಿಸಬೇಡಿ, ಮಾರಲೂ ಬೇಡಿ. ನೀವು ಬರೆದಿರುವ ಲಕ್ಷಣಗಳಲ್ಲಿ ಟ್ರಾನ್ಸ್‌ಫರ್ ಕೇಸ್ ಕೆಟ್ಟಿದೆ ಎನ್ನಲು ಒಂದೂ ಸಾಕ್ಷಿ ನನಗೆ ಕಾಣುತ್ತಿಲ್ಲ. ಅದು ತಾನು ಮಾಡಬೇಕಾದ್ದನ್ನೇ ಮಾಡಿದೆ. ತಪ್ಪಿದ್ದು ಪರೀಕ್ಷೆಗೆ ನೀವು ಆರಿಸಿಕೊಂಡ ರಸ್ತೆ. ಅದರ ಮೇಲೆ ಆ ಹೊಸ ಟೈರುಗಳ ಪಾಲೂ ಸ್ವಲ್ಪ ಇದೆ.

ನಿಮ್ಮ ಗಾಡಿಯಲ್ಲಿ 2 ಎಚ್, 4 ಎಚ್, 4 ಎಲ್ (ನಾಲ್ಕೂ ಚಕ್ರ, ನಿಧಾನಗತಿ, ಹೆಚ್ಚು ಎಳೆತ) ಎಂದು ಮೂರೇ ಸ್ಥಾನ ಇದ್ದರೆ ಅದು ಬಹುಪಾಲು ಪಾರ್ಟ್ ಟೈಮ್, ಎಂದರೆ ಬೇಕಾದಾಗ ಮಾತ್ರ ಬಳಸುವ, ಫೋರ್ ವೀಲ್ ಡ್ರೈವ್. 4 ಎಚ್‌ಗೆ ಹಾಕಿದ ಕ್ಷಣ ಆಕ್ಸಲ್‌ಗಳಿಗೆ ಶಕ್ತಿ ಒಯ್ಯುವ ಮುಂದಿನ ಮತ್ತು ಹಿಂದಿನ ಪ್ರೊಪೆಲ್ಲರ್ ಶಾಫ್ಟ್‌ಗಳು ಒಂದಕ್ಕೊಂದು ಬಿಗಿದುಕೊಂಡು ಒಂದೇ ವೇಗದಲ್ಲಿ ತಿರುಗುತ್ತವೆ. ಆದರೆ ತಿರುವಿನಲ್ಲಿ ಎರಡೂ ಆಕ್ಸಲ್‌ಗಳು ಒಂದೇ ದೂರ ಸಾಗುವುದಿಲ್ಲ. ಎರಡು ಆಕ್ಸಲ್‌ಗಳ ನಡುವೆ 2.7 ಮೀಟರ್ ಅಂತರ ಇರುವ ಗಾಡಿಯನ್ನೇ ತೆಗೆದುಕೊಳ್ಳಿ. ಇಕ್ಕಟ್ಟಾದ ತಿರುವಿನಲ್ಲಿ ಅದನ್ನು ಕಾಲು ಸುತ್ತು ತಿರುಗಿಸಿದರೆ ಹಿಂದಿನ ಆಕ್ಸಲ್ ಸುಮಾರು 8.3 ಮೀಟರ್ ಹೋಗುತ್ತದೆ, ಮುಂದಿನದು ಸುಮಾರು 9.3 ಮೀಟರ್. ಒಂದೇ ತಿರುವಿನಲ್ಲಿ ಹೆಚ್ಚುಕಡಿಮೆ ಒಂದು ಮೀಟರ್ ಲೆಕ್ಕ ತಪ್ಪುತ್ತದೆ. ಕೆಸರು, ಮರಳು, ಜಲ್ಲಿಯ ಮೇಲಾದರೆ ಚಕ್ರ ಸ್ವಲ್ಪ ಜಾರಿ ಆ ಲೆಕ್ಕವನ್ನು ಸರಿಮಾಡಿಕೊಳ್ಳುತ್ತದೆ. ಒಣ ಡಾಂಬರು ಜಾರಲು ಬಿಡುವುದಿಲ್ಲ. ಆಗ ಶಾಫ್ಟ್, ಗೇರು, ಚೈನು ಎಲ್ಲವೂ ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಳ್ಳುತ್ತವೆ. ತಾಳಲಾರದೆ ಒಂದು ಚಕ್ರ ನೆಲದ ಹಿಡಿತ ಬಿಟ್ಟು ಹಾರುವುದೇ ನೀವು ಕಂಡ ಕುಪ್ಪಳಿಕೆ. ಆ ತಿರುಚು ಒಳಗೇ ಉಳಿದಿರುವಾಗ ಗೇರಿನ ಹಲ್ಲುಗಳ ಮೇಲೆ ಒತ್ತಡ ಇರುತ್ತದೆ, ಲಿವರ್ ಹೊರಗೆ ಬರುವುದಿಲ್ಲ.

ಮುಂದೆ ಎಂದಾದರೂ ಹೀಗೆ ಸಿಕ್ಕಿಕೊಂಡರೆ ಲಿವರ್ ಜೊತೆ ಗುದ್ದಾಡಬೇಡಿ. ಒಳಗೆ ಗೇರು ಸರಿಸುವ ಶಿಫ್ಟ್ ಫೋರ್ಕ್ ಬಾಗುವುದು ಆಗಲೇ. ಸ್ಟೀರಿಂಗ್ ನೇರ ಇಟ್ಟು ಕೆಲವು ಮೀಟರ್ ರಿವರ್ಸ್ ಹೋಗಿ, ಅಥವಾ ಎರಡು ಚಕ್ರಗಳನ್ನು ರಸ್ತೆ ಬದಿಯ ಸಡಿಲ ಮಣ್ಣಿಗೆ ಇಳಿಸಿ ನಿಧಾನಕ್ಕೆ ಚಲಿಸಿ. ತಿರುಚು ಬಿಚ್ಚಿಕೊಂಡ ಕೂಡಲೇ ಲಿವರ್ ಒಂದು ಬೆರಳಿಗೆ ಬರುತ್ತದೆ.

ಎಲ್ಲ ಗಾಡಿಗಳಿಗೂ ಈ ನಿರ್ಬಂಧ ಇಲ್ಲ. 1970ರಲ್ಲಿ ಬಂದ ರೇಂಜ್ ರೋವರ್, 1977ರ ಲಾಡಾ ನಿವಾಗಳಲ್ಲಿ ಎರಡು ಆಕ್ಸಲ್‌ಗಳ ನಡುವೆ ಇನ್ನೊಂದು ಡಿಫರೆನ್ಷಿಯಲ್ (ಎರಡು ಕಡೆ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು ಜೋಡಣೆ) ಇತ್ತು. ಆದ್ದರಿಂದ ಅವು ಯಾವ ರಸ್ತೆಯಲ್ಲೂ ನಾಲ್ಕೂ ಚಕ್ರದಲ್ಲಿ ಓಡಬಲ್ಲವು. 1991ರಲ್ಲಿ ಮಿತ್ಸುಬಿಷಿ ಎರಡನೆಯ ತಲೆಮಾರಿನ ಪಜೆರೊದಲ್ಲಿ ಎರಡು ಚಕ್ರದ ಓಟ, ಯಾವ ರಸ್ತೆಯಲ್ಲೂ ನಾಲ್ಕು ಚಕ್ರದ ಓಟ ಎಂಬ ಎರಡೂ ಅನುಕೂಲಗಳನ್ನು ಒಂದೇ ಲಿವರಿಗೆ ತಂದಿತು. ನಿಮ್ಮದು ಯಾವ ಬಗೆ ಎಂಬುದನ್ನು ಓನರ್ಸ್ ಮ್ಯಾನುಯಲ್ ನೋಡಿಯೇ ಖಚಿತಪಡಿಸಿಕೊಳ್ಳಿ. ಆ ಪುಸ್ತಕ ಗಾಡಿಯ ಜೊತೆ ಬಂದಿಲ್ಲವಾದರೆ ಮೊದಲು ಅದನ್ನು ಹುಡುಕಿ ತರಿಸಿಕೊಳ್ಳಿ. ಬಿಡಿಭಾಗಗಳ ಮಾತು ಆಮೇಲೆ.

ಇನ್ನು ಟೈರಿನ ವಿಷಯ. ನಿಮ್ಮ ಪತ್ರದಲ್ಲಿ ಕೊನೆಗೆ ಬಂದ ಆ ಒಂದು ಸಾಲು ನನ್ನ ಕಣ್ಣಿಗೆ ಮೊದಲು ಬಿತ್ತು. ಹೊಸ ಟೈರಿನ ಅಚ್ಚು 8 ಮಿಲಿಮೀಟರ್ ಆಳ, ಸವೆದದ್ದು 3 ಮಿಲಿಮೀಟರ್ ಎಂದುಕೊಳ್ಳೋಣ. ಐದೇ ಮಿಲಿಮೀಟರ್ ವ್ಯತ್ಯಾಸ. ಆದರೆ ಸುತ್ತಳತೆಯಲ್ಲಿ ಅದು ಸುಮಾರು 31 ಮಿಲಿಮೀಟರ್ ಆಗುತ್ತದೆ. 2.3 ಮೀಟರ್ ಸುತ್ತಳತೆಯ ಟೈರಿನಲ್ಲಿ, ನೇರ ರಸ್ತೆಯಲ್ಲೂ, ಪ್ರತಿ ಕಿಲೋಮೀಟರಿಗೆ ಮುಂದಿನ ಚಕ್ರ ಹಿಂದಿನದಕ್ಕಿಂತ ಹೆಚ್ಚುಕಡಿಮೆ ಆರು ಸುತ್ತು ಜಾಸ್ತಿ ತಿರುಗಬೇಕು. 4 ಎಚ್‌ನಲ್ಲಿ ತಿರುಗಲು ಬಿಡುವವರು ಯಾರು? ನೇರ ಹೋಗುವಾಗ ಏನೂ ಅನಿಸಲಿಲ್ಲ ಎಂದಿದ್ದೀರಿ. ಆ ಹೊತ್ತಿನಲ್ಲೂ ತಿರುಚು ಸದ್ದಿಲ್ಲದೆ ಕಟ್ಟಿಕೊಳ್ಳುತ್ತಿತ್ತು.

ಇದನ್ನು ನಾನು ಒಂದು ಕಹಿ ಅನುಭವದಿಂದ ಕಲಿತೆ. ಕೆಲಸಕ್ಕಿಳಿದ ಹೊಸತರಲ್ಲಿ ಇಂಥದ್ದೇ ದೂರಿನ ಒಂದು ಗಾಡಿ ಬಂದಿತ್ತು. ಟ್ರಾನ್ಸ್‌ಫರ್ ಕೇಸ್ ಇಳಿಸಿ, ಬಿಚ್ಚಿ, ಮೇಜಿನ ಮೇಲೆ ಹರಡಿದೆ. ಗೇರುಗಳ ಹಲ್ಲು ಹೊಸದರಂತಿತ್ತು, ಬೇರಿಂಗಿನಲ್ಲಿ ಒಂದು ಗೀಚೂ ಇರಲಿಲ್ಲ. ಎರಡು ದಿನದ ಕೆಲಸ, ಹೊಸ ಸೀಲುಗಳು, ಗ್ಯಾಸ್ಕೆಟ್ಟುಗಳು ಎಲ್ಲ ಆಗಿ ಜೋಡಿಸಿ ಓಡಿಸಿದರೆ ಅದೇ ಬಿಗಿತ. ಕೊನೆಗೆ ಅಳತೆ ಟೇಪು ಹಿಡಿದು ಟೈರ್ ಸುತ್ತಿ ನೋಡಿದಾಗ ಮುಂದೆ ಒಂದು ಅಳತೆ, ಹಿಂದೆ ಇನ್ನೊಂದು. ಆ ಮಾಲೀಕರಿಗೆ ಆದ ನಷ್ಟ ಇಂದಿಗೂ ನನ್ನ ಮನಸ್ಸಿನಲ್ಲಿದೆ. ಈಗ ಯಾವ ಫೋರ್ ವೀಲ್ ಡ್ರೈವ್ ಬಂದರೂ ಸ್ಪ್ಯಾನರ್ ಎತ್ತುವ ಮೊದಲು ನಾಲ್ಕೂ ಟೈರಿನ ಸುತ್ತಳತೆ ತೆಗೆಯುತ್ತೇನೆ. ನೀವೂ ತೆಗೆಯಿರಿ: ಗಾಳಿ ಸರಿಯಾಗಿ ತುಂಬಿಸಿ, ಟೈರಿನ ಬದಿಯಲ್ಲಿ ಸೀಮೆಸುಣ್ಣದ ಗೆರೆ ಹಾಕಿ, ಒಂದು ಪೂರ್ಣ ಸುತ್ತು ಉರುಳಿಸಿ ನೆಲದ ಮೇಲೆ ಅಳೆಯಿರಿ.

2 ಎಚ್‌ನಲ್ಲಿ ಓಡಿಸುವವರೆಗೆ ಈ ವ್ಯತ್ಯಾಸದಿಂದ ನಿಮ್ಮ ಗಾಡಿಗೆ ಅಪಾಯವಿಲ್ಲ. ಯಾವಾಗಲೂ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಗಾಡಿಗಳಲ್ಲಿ, ಅದರಲ್ಲೂ ದಪ್ಪ ದ್ರವದ ಮೂಲಕ ಶಕ್ತಿ ದಾಟಿಸುವ ವಿಸ್ಕಸ್ ಕಪ್ಲಿಂಗ್ ಇರುವವುಗಳಲ್ಲಿ, ಅದು ದಿನದಿನವೂ ಯಂತ್ರವನ್ನು ತಿನ್ನುತ್ತದೆ. ಸುಬಾರು ಕಂಪನಿ ತನ್ನ ಗಾಡಿಗಳ ನಾಲ್ಕು ಟೈರುಗಳ ಸುತ್ತಳತೆಯಲ್ಲಿ ಕಾಲಿಂಚು, ಎಂದರೆ ಸುಮಾರು 6 ಮಿಲಿಮೀಟರ್ ಮೀರಿದ ಅಂತರ ಇರಬಾರದು ಎನ್ನುತ್ತದೆ. ಮುಂದಿನ ಎರಡನ್ನೂ ಹಿಂದಿನವುಗಳಂಥದ್ದೇ ಹೊಸದಕ್ಕೆ ಬದಲಿಸಿ. ಮುಂದೆ ಪ್ರತಿ ಎಂಟು ಹತ್ತು ಸಾವಿರ ಕಿಲೋಮೀಟರಿಗೆ ಸ್ಟೆಪ್ನಿಯನ್ನೂ ಸೇರಿಸಿ ಐದೂ ಟೈರುಗಳನ್ನು ಸ್ಥಾನಪಲ್ಲಟ ಮಾಡಿ. ಬದಿಯ ಗೋಡೆಯ ಮೇಲಿನ ನಾಲ್ಕಂಕಿಯ ತಯಾರಿಕಾ ಗುರುತನ್ನೂ ನೋಡಿ. 2319 ಎಂದಿದ್ದರೆ 2019ರ 23ನೇ ವಾರ. ಹೆಚ್ಚು ಓಡದ ಹಳೆಯ ಎಸ್‌ಯುವಿಯ ಟೈರು ಸವೆಯುವ ಮೊದಲೇ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ.

ಟೈರ್ ಆದಮೇಲೆ ಆಯಿಲ್. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಹಳೆಯ ಫೋರ್ ವೀಲ್ ಡ್ರೈವ್ ಕೊಂಡವರಲ್ಲಿ ಹೆಚ್ಚಿನವರು ಎಂಜಿನ್ ಆಯಿಲ್ ಬದಲಿಸಿ ಸುಮ್ಮನಾಗುತ್ತಾರೆ. ನಿಮ್ಮ ಗಾಡಿಯ ಹೊಟ್ಟೆಯಲ್ಲಿ ಇನ್ನೂ ನಾಲ್ಕು ಕಡೆ ಆಯಿಲ್ ಇದೆ: ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಮುಂದಿನ ಡಿಫರೆನ್ಷಿಯಲ್, ಹಿಂದಿನ ಡಿಫರೆನ್ಷಿಯಲ್. ಹಿಂದಿನ ಮಾಲೀಕರು ಬದಲಿಸಿದ್ದೇವೆ ಎಂದರೂ ಬಿಲ್ ಇಲ್ಲದಿದ್ದರೆ ಬದಲಿಸಿಲ್ಲ ಎಂದೇ ತಿಳಿಯಿರಿ. ನಾಲ್ಕನ್ನೂ ಒಂದೇ ದಿನ, ನೀವು ಎದುರಿಗೆ ನಿಂತು, ಇಳಿಸಿ.

ಗಾಡಿಯನ್ನು ಸ್ವಲ್ಪ ಓಡಿಸಿ ಆಯಿಲ್ ಬೆಚ್ಚಗಾದ ಮೇಲೆ ಮಟ್ಟಸ ನೆಲದಲ್ಲಿ ನಿಲ್ಲಿಸಿ. ಮೊದಲು ಮೇಲಿನ, ಆಯಿಲ್ ತುಂಬುವ ಪ್ಲಗ್ ಬಿಚ್ಚಿ. ಅದು ಬಿಚ್ಚಿದ ಮೇಲಷ್ಟೇ ಕೆಳಗಿನ ಡ್ರೇನ್ ಪ್ಲಗ್‌ಗೆ ಕೈ ಹಾಕಿ. ವರ್ಷಗಟ್ಟಲೆ ಮುಟ್ಟದ ಮೇಲಿನ ಪ್ಲಗ್ ತುಕ್ಕು ಹಿಡಿದು ಕೂತಿರುವುದು ತೀರಾ ಸಾಮಾನ್ಯ. ಕೆಳಗಿನದನ್ನು ಮೊದಲು ಬಿಚ್ಚಿ ಆಯಿಲ್ ಎಲ್ಲ ಇಳಿದ ಮೇಲೆ ಇದು ಗೊತ್ತಾದರೆ, ಗಾಡಿ ಅಲ್ಲಿಂದ ಕದಲುವ ಹಾಗಿಲ್ಲ.

ಇಳಿದ ಆಯಿಲನ್ನು ನಾಲ್ಕು ಬೇರೆ ಬೇರೆ ಡಬ್ಬಿಗಳಲ್ಲಿ ಹಿಡಿದು ಬೆಳಕಿನಲ್ಲಿ ನೋಡಿ. ಹಾಲು ಬೆರೆಸಿದ ಕಾಫಿಯ ಬಣ್ಣ ಬಂದರೆ ನೀರು ಸೇರಿದೆ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಆಯಿಲ್ ಕಡಿಮೆಯಿದ್ದೋ ಭಾರ ಎಳೆದೋ ಕಾದಿದೆ. ಡ್ರೇನ್ ಪ್ಲಗ್ಗಿನ ತುದಿಯಲ್ಲಿ ಅಯಸ್ಕಾಂತ ಇದ್ದರೆ ಅದರ ಮೇಲೆ ಬೂದು ಬಣ್ಣದ ನುಣ್ಣನೆಯ ಲೇಪ ಇದ್ದೇ ಇರುತ್ತದೆ, ಹೆದರಬೇಡಿ. ಸವೆತದ ಸಹಜ ಪುಡಿ ಅದು. ಉಗುರಿಗೆ ಚುಚ್ಚುವ ಚೂರುಗಳು, ಸೂಜಿಯಂಥ ಎಳೆಗಳು, ಹಲ್ಲಿನ ತುಂಡು ಸಿಕ್ಕರೆ ಮಾತ್ರ ಬಿಚ್ಚುವ ಮಾತು. ಹಳದಿ ಹೊಳಪಿನ ಪುಡಿ ಗೇರ್‌ಬಾಕ್ಸ್ ಆಯಿಲಿನಲ್ಲಿ ತೇಲುತ್ತಿದ್ದರೆ ಅದು ಗೇರ್ ಸಲೀಸಾಗಿ ಬೀಳಿಸುವ ಹಿತ್ತಾಳೆಯ ಸಿಂಕ್ರೊ ರಿಂಗುಗಳ ಸವೆತ. ನಿಮ್ಮ ಮೆಕ್ಯಾನಿಕ್ ಕೊಟ್ಟ ತೀರ್ಪಿಗಿಂತ ಈ ನಾಲ್ಕು ಡಬ್ಬಿಗಳ ತೀರ್ಪನ್ನು ನಾನು ನಂಬುತ್ತೇನೆ.

ಯಾವ ಆಯಿಲ್ ಹಾಕಬೇಕು ಎಂಬುದಕ್ಕೆ ಮ್ಯಾನುಯಲ್ಲೇ ಪ್ರಮಾಣ. ಡಿಫರೆನ್ಷಿಯಲ್‌ಗೆ ಸಾಮಾನ್ಯವಾಗಿ ಜಿಎಲ್-5 ದರ್ಜೆಯ 80ಡಬ್ಲ್ಯು-90 ಅಥವಾ 75ಡಬ್ಲ್ಯು-90 ಬರುತ್ತದೆ. ಅದನ್ನೇ ಮ್ಯಾನುಯಲ್ ಗೇರ್‌ಬಾಕ್ಸಿಗೂ ಸುರಿದುಬಿಡುವ ಅಭ್ಯಾಸ ಹಲವರಿಗಿದೆ. ಜಿಎಲ್-4 ಬೇಡುವ ಹಳೆಯ ಗೇರ್‌ಬಾಕ್ಸಿಗೆ ಅದು ಒಳ್ಳೆಯದಲ್ಲ: ಜಿಎಲ್-5ರಲ್ಲಿ ಹೆಚ್ಚಿರುವ ಗಂಧಕ, ರಂಜಕದ ಅಂಶ ಹಿತ್ತಾಳೆ ಭಾಗಗಳನ್ನು ಕೊರೆಯಬಲ್ಲದು, ಸಿಂಕ್ರೊ ಸರಿಯಾಗಿ ಹಿಡಿಯದೆ ಗೇರ್ ಬೀಳುವುದೂ ಬಿಗಿಯಾಗುತ್ತದೆ. ಚೈನ್ ಇರುವ ಹಲವು ಟ್ರಾನ್ಸ್‌ಫರ್ ಕೇಸ್‌ಗಳಿಗೆ ಗೇರ್ ಆಯಿಲ್ಲೇ ಅಲ್ಲ, ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ತೆಳು ಆಯಿಲ್ ಆದ ಎಟಿಎಫ್ ಹಾಕಬೇಕು. ಹಿಂದೆ ಒಂದೇ ಚಕ್ರ ಸುಮ್ಮನೆ ಜಾರಿ ತಿರುಗದಂತೆ ತಡೆಯುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇದ್ದರೆ ಅದಕ್ಕೆಂದೇ ಮಾಡಿದ ಆಯಿಲ್ ಬೇಕು, ಇಲ್ಲವಾದರೆ ತಿರುವಿನಲ್ಲಿ ಅದು ನಡುಗುತ್ತದೆ.

ಡಿಫರೆನ್ಷಿಯಲ್ಲಿನಲ್ಲಿ ನೀರು ಕಂಡರೆ ಸೀಲ್ ಬದಲಿಸುವ ಮೊದಲು ಬ್ರೀದರ್ ನೋಡಿ. ಆಕ್ಸಲ್ ಹೌಸಿಂಗಿನ ಮೇಲ್ಭಾಗದಲ್ಲಿ ಉಸಿರಾಟಕ್ಕೆಂದು ಒಂದು ಪುಟ್ಟ ಮುಚ್ಚಳ ಅಥವಾ ಕೊಳವೆ ಇರುತ್ತದೆ. ಓಡಿ ಬಿಸಿಯಾದ ಆಕ್ಸಲ್ ಹಳ್ಳದ ತಣ್ಣೀರಿಗಿಳಿದರೆ ಒಳಗಿನ ಗಾಳಿ ಕುಗ್ಗಿ ಹೊರಗಿನಿಂದ ಏನನ್ನಾದರೂ ಎಳೆದುಕೊಳ್ಳಲೇಬೇಕು. ಬ್ರೀದರ್ ಕೆಸರಿನಿಂದ ಕಟ್ಟಿದ್ದರೆ ಸೀಲಿನ ಸಂದಿನಿಂದ ನೀರನ್ನೇ ಎಳೆದುಕೊಳ್ಳುತ್ತದೆ. ಕಟ್ಟಿದ ಬ್ರೀದರ್ ಇನ್ನೊಂದು ತೊಂದರೆಯನ್ನೂ ಕೊಡುತ್ತದೆ: ಬಿಸಿಗೆ ಒಳಗಿನ ಒತ್ತಡ ಏರಿ ಹೊಸ ಸೀಲೂ ಸೋರುತ್ತದೆ. ಐದು ನಿಮಿಷದ ಶುಚಿಯ ಕೆಲಸ ಇದು. ಹೊಳೆ ಹಳ್ಳ ದಾಟುವವರು ಅದಕ್ಕೆ ರಬ್ಬರ್ ಕೊಳವೆ ಸಿಕ್ಕಿಸಿ ಎಂಜಿನ್ ಕೋಣೆಯ ಎತ್ತರಕ್ಕೆ ಒಯ್ದು ಕಟ್ಟುತ್ತಾರೆ. ಹಳೆಯ ಗಾಡಿಗೆ ನಾನು ಮನಸಾರೆ ಶಿಫಾರಸು ಮಾಡುವ ಬದಲಾವಣೆಗಳಲ್ಲಿ ಇದು ಮೊದಲನೆಯದು.

ನೀವು ಬರೆದ ಇನ್ನೊಂದು ಮಾತು, ಲಿವರ್ ಮುಟ್ಟಿಯೇ ಇಲ್ಲ ಎಂಬುದು, ಮಾರುವವರು ಹೆಮ್ಮೆಯಿಂದ ಹೇಳುವ ಮಾತು. ನನಗೆ ಅದು ಚಿಂತೆಯ ಮಾತು. ಮುಂದಿನ ಚಕ್ರವನ್ನು ಆಕ್ಸಲ್‌ಗೆ ಜೋಡಿಸುವ ಹಬ್ ಬಿಟ್ಟುಕೊಂಡು ಓಡುವ ಗಾಡಿಯಲ್ಲಿ ಮುಂದಿನ ಡಿಫರೆನ್ಷಿಯಲ್ಲಿನ ಗೇರುಗಳು ತಿರುಗುವುದೇ ಇಲ್ಲ. ಆಯಿಲ್ ತಳದಲ್ಲಿ ಉಳಿದು ಮೇಲಿನ ಬೇರಿಂಗು, ಹಲ್ಲು, ಸೀಲಿನ ತುಟಿ ಒಣಗುತ್ತವೆ. ಒಳಗಿನ ತೇವ ತುಕ್ಕಾಗುತ್ತದೆ. ಹಬ್ಬಿನೊಳಗಿನ ಗ್ರೀಸು ಮೇಣದಂತಾಗುತ್ತದೆ. ತಿಂಗಳಿಗೆ ಕನಿಷ್ಠ 16 ಕಿಲೋಮೀಟರ್ ಫೋರ್ ವೀಲ್ ಡ್ರೈವ್‌ನಲ್ಲಿ ಓಡಿಸಿ, ಮುಂದಿನ ಭಾಗಗಳಿಗೆ ಆಯಿಲ್ ತಲುಪಲಿ ಎಂದು ಟೊಯೊಟಾ ತನ್ನ ಪಾರ್ಟ್ ಟೈಮ್ ಗಾಡಿಗಳ ಮ್ಯಾನುಯಲ್ಲಿನಲ್ಲೇ ಬರೆದಿದೆ. ಮಣ್ಣಿನ ಅಥವಾ ಜಲ್ಲಿಯ ದಾರಿಯಲ್ಲಿ ಅದನ್ನು ಮಾಡಿ. 4 ಎಲ್‌ಗೂ ಒಂದಿಷ್ಟು ಹಾಕಿ. ಅದಕ್ಕೆ ಗಾಡಿ ನಿಂತಿರಬೇಕು, ಕ್ಲಚ್ ಪೂರ್ತಿ ಒತ್ತಿರಬೇಕು.

ಲಿವರ್ ಸಲೀಸಾಗಿ ಬಿದ್ದು, ದೀಪವೂ ಹತ್ತಿ, ಆದರೂ ಮುಂದಿನ ಚಕ್ರ ಎಳೆಯದಿದ್ದರೆ ತೊಂದರೆ ಹೆಚ್ಚಾಗಿ ಹಬ್ಬಿನಲ್ಲಿರುತ್ತದೆ. ಕೈಯಲ್ಲಿ ತಿರುಗಿಸುವ ಹಬ್ಬಾದರೆ ಬಿಚ್ಚಿ ಹಳೆಯ ಗ್ರೀಸು ತೊಳೆದು, ತೆಳ್ಳಗೆ ಹೊಸದು ಸವರಿದರೆ ಬಹುತೇಕ ಸರಿಹೋಗುತ್ತದೆ. ತಾನಾಗಿ ಹಿಡಿದುಕೊಳ್ಳುವ ಹಬ್ಬುಗಳು, ಮುಂದಿನ ಆಕ್ಸಲ್ಲಿನ ಕ್ಲಚ್ಚುಗಳು ಎಷ್ಟೋ ಗಾಡಿಗಳಲ್ಲಿ ವ್ಯಾಕ್ಯೂಮ್‌ನಿಂದ ನಡೆಯುತ್ತವೆ. ಎಂಜಿನ್ನಿನಿಂದ ಹೊರಟ ಸಣ್ಣ ರಬ್ಬರ್ ಕೊಳವೆಯಲ್ಲಿ ಒಂದು ಬಿರುಕಿದ್ದರೂ ಸಾಕು, ಫೋರ್ ವೀಲ್ ಡ್ರೈವ್ ಇಲ್ಲ, ಡ್ಯಾಶ್‌ಬೋರ್ಡಿನ ದೀಪ ಮಾತ್ರ ಮಿಣುಕುತ್ತಲೇ ಇರುತ್ತದೆ. ಹದಿನೆಂಟು ವರ್ಷದ ರಬ್ಬರಿನಲ್ಲಿ ಬಿರುಕು ಇಲ್ಲದಿದ್ದರೇ ಆಶ್ಚರ್ಯ. ಎಲ್ಲ ಕೊಳವೆಗಳನ್ನೂ ಒಮ್ಮೆಲೇ ಬದಲಿಸಿ.

ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟ್ ಕ್ರಾಸ್‌ಗಳಿಗೆ ಗ್ರೀಸ್ ಹೊಡೆಸುವಾಗ ನಾಲ್ಕೂ ಬಟ್ಟಲುಗಳಿಂದ ಹಳೆಯ ಗ್ರೀಸು ಹೊರಬರುವವರೆಗೆ ಹೊಡೆಸಿ. ಶಾಫ್ಟ್ ಉದ್ದಕ್ಕೂ ಜಾರುವ ಜಾಗದ ನಿಪ್ಪಲ್‌ಗೆ ಮಾತ್ರ ಒಂದೆರಡು ಒತ್ತು ಸಾಕು. ಅಲ್ಲಿ ಗ್ರೀಸು ತುಂಬಿ ತುಳುಕಿದರೆ ಶಾಫ್ಟ್ ಒಳಸರಿಯಲು ಜಾಗವಿಲ್ಲದೆ ಬೇರಿಂಗುಗಳನ್ನು ಒತ್ತುತ್ತದೆ. ಗೇರ್ ಹಾಕಿ ಕ್ಲಚ್ ಬಿಡುವಾಗ ಕೆಳಗಿನಿಂದ ಟಕ್ ಎಂದರೆ ಮೊದಲು ಕ್ರಾಸ್ ಮೇಲೆ ಅನುಮಾನಪಡಿ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಮುಂದಿನ ಚಕ್ರದ ಬಳಿ ಕಟಕಟ ಎಂದರೆ ಸಿವಿ ಜಾಯಿಂಟ್, ಎಂದರೆ ಆ ಚಕ್ರಕ್ಕೆ ಶಕ್ತಿ ಒಯ್ಯುವ ಕೀಲು. ವೇಗ ಏರಿದಂತೆ ಏರುವ ಕೊಯ್ಯೆನ್ನುವ ಸದ್ದು, ಆಕ್ಸಿಲರೇಟರ್ ಬಿಟ್ಟಾಗ ಬದಲಾದರೆ, ಡಿಫರೆನ್ಷಿಯಲ್ಲಿನ ಕ್ರೌನ್ ಪಿನಿಯನ್ ಗೇರುಗಳ ಕಡೆಯದು. ನಿಜಕ್ಕೂ ಟ್ರಾನ್ಸ್‌ಫರ್ ಕೇಸ್ ಕೆಟ್ಟಿದ್ದರೆ ಲಕ್ಷಣವೇ ಬೇರೆ: 4 ಎಲ್‌ನಲ್ಲಿ ಏರು ಹತ್ತುವಾಗ ಲಿವರ್ ತಾನಾಗಿ ಹೊರಗೆ ಹಾರುತ್ತದೆ, ಅಥವಾ ಜಗ್ಗಿದ ಚೈನು ಹಲ್ಲು ಹಾರಿ ಧಡ್ ಎನ್ನುತ್ತದೆ.

ನೇರವಾದ ಮುಂದಿನ ಆಕ್ಸಲ್ ಇರುವ ಗಾಡಿಯಾಗಿದ್ದು, ಯಾವುದೋ ಒಂದು ವೇಗದಲ್ಲಿ ಸ್ಟೀರಿಂಗ್ ಗಡಗಡ ನಡುಗಿದರೆ ಹೊಸ ಸ್ಟೀರಿಂಗ್ ಡ್ಯಾಂಪರ್ ಹಾಕಿ ಮುಚ್ಚಿಬಿಡುವವರಿದ್ದಾರೆ. ಅದಕ್ಕೆ ಒಪ್ಪಬೇಡಿ. ಚಕ್ರ ಹೊರಳುವ ಕಿಂಗ್ ಪಿನ್ ಬೇರಿಂಗು, ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಹಿಡಿಯುವ ಪ್ಯಾನ್‌ಹಾರ್ಡ್ ರಾಡಿನ ಬುಶ್, ವೀಲ್ ಬ್ಯಾಲೆನ್ಸ್ ಮೊದಲು ನೋಡಲಿ.

ಇಷ್ಟೆಲ್ಲ ಹೇಳಿದರೂ, ಇಟ್ಟುಕೊಳ್ಳಬೇಕೋ ಮಾರಬೇಕೋ ಎಂಬುದನ್ನು ನಿರ್ಧರಿಸುವುದು ಚಾಸಿ, ಎಂದರೆ ಗಾಡಿಯ ಅಡಿಯ ಚೌಕಟ್ಟು. ಗೇರು, ಬೇರಿಂಗು, ಸೀಲು ಯಾವುದನ್ನೂ ಬದಲಿಸಬಹುದು. ಒಳಗಿನಿಂದ ತಿಂದುಹೋದ ಚಾಸಿಯನ್ನು ಉಳಿಸುವುದು ಕಷ್ಟ. ಪೆಟ್ಟಿಗೆಯಾಕಾರದ ಆ ಕಬ್ಬಿಣದೊಳಗೆ ಕೆಸರು ಸೇರಿ, ನೀರಿಳಿಯುವ ತೂತುಗಳು ಕಟ್ಟಿ, ಹೊರಗೆ ಕಪ್ಪು ಬಣ್ಣ ಹೊಳೆಯುತ್ತಿರುವಾಗಲೇ ಒಳಗೆ ತುಕ್ಕು ನಡೆದಿರುತ್ತದೆ. ಚಿಕ್ಕ ಸುತ್ತಿಗೆ ತೆಗೆದುಕೊಂಡು ಉದ್ದಕ್ಕೂ ತಟ್ಟುತ್ತ ಹೋಗಿ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ, ತಿಂದುಹೋದದ್ದು ಮಂಕಾಗಿ ದಬ್ ಎನ್ನುತ್ತದೆ. ಹಿಂದಿನ ಚಕ್ರದ ಮೇಲೆ ಚಾಸಿ ಬಾಗುವ ಜಾಗ, ಸ್ಪ್ರಿಂಗು ಹಿಡಿದಿರುವ ಬ್ರಾಕೆಟ್ಟು, ಕೊನೆಯ ಅಡ್ಡಪಟ್ಟಿ ಇವನ್ನು ಎರಡೆರಡು ಸಲ ತಟ್ಟಿ. ಮಾರಾಟಕ್ಕೆ ಸ್ವಲ್ಪ ಮೊದಲು ಅಡಿಗೆ ಬಳಿಸಿದ ದಪ್ಪ ಕಪ್ಪು ಲೇಪ ಕಂಡರೆ ಅಲ್ಲಿ ಕೆರೆದೇ ನೋಡಿ. ಮೇಲ್ಮೈ ತುಕ್ಕಾದರೆ ಉಜ್ಜಿ, ಪ್ರೈಮರ್ ಹಚ್ಚಿ, ಒಳಗಿನ ಪೊಳ್ಳಿಗೆ ಮೇಣದ ಲೇಪ ಸಿಂಪಡಿಸಿದರೆ ಇನ್ನೂ ಬಹಳ ವರ್ಷ ಬಾಳುತ್ತದೆ. ಸ್ಕ್ರೂಡ್ರೈವರ್ ಒತ್ತಿದರೆ ಒಳಹೋಗುವಂತಿದ್ದರೆ, ಗಾಡಿಯ ಮೇಲೆ ಎಷ್ಟೇ ಪ್ರೀತಿ ಇರಲಿ, ಇನ್ನು ಅದಕ್ಕೆ ಖರ್ಚು ಮಾಡಬೇಡಿ.

ಎಂಜಿನ್ ಚೆನ್ನಾಗಿದೆ ಎಂದಿದ್ದೀರಿ, ಸಂತೋಷ. ಎರಡು ವಿಷಯ ಮಾತ್ರ ಹೇಳುತ್ತೇನೆ. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ನಾದರೆ, ಯಾವಾಗ ಬದಲಿಸಿದರು ಎಂಬ ದಾಖಲೆ ಇಲ್ಲದಿದ್ದರೆ, ಇದೇ ವಾರ ಬದಲಿಸಿ. ಕಿಲೋಮೀಟರ್ ಕಡಿಮೆಯಾದರೂ ರಬ್ಬರಿಗೆ ವಯಸ್ಸಾಗುತ್ತದೆ. ಟೊಯೊಟಾದ ಕೆಲವು ಡೀಸೆಲ್ ಗಾಡಿಗಳಲ್ಲಿ ಬೆಲ್ಟ್ ಬದಲಿಸುವ ಸಮಯಕ್ಕೆ ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತದೆ. ಬೆಲ್ಟ್ ಮುಟ್ಟದೆಯೇ ಆ ದೀಪವನ್ನು ಆರಿಸಲು ಬರುತ್ತದೆ, ಆದ್ದರಿಂದ ದೀಪ ಆರಿರುವುದನ್ನು ನಂಬಬೇಡಿ. ಮಿತ್ಸುಬಿಷಿಯ 4ಡಿ56ರಂಥ ಎಂಜಿನ್ನಿನಲ್ಲಿ ಬ್ಯಾಲೆನ್ಸ್ ಶಾಫ್ಟಿಗೂ ಒಂದು ಸಣ್ಣ ಬೆಲ್ಟ್ ಇದೆ. ಅದು ಹರಿದರೆ ತನ್ನ ಜೊತೆ ದೊಡ್ಡದನ್ನೂ ಒಯ್ಯಬಲ್ಲದು. ಎರಡನ್ನೂ ಒಟ್ಟಿಗೆ ಬದಲಿಸಿ.

ಎರಡನೆಯದು ಬಿಸಿ. ಹಳೆಯ ಡೀಸೆಲ್ ಎಂಜಿನ್ನಿನ ಅಲ್ಯೂಮಿನಿಯಂ ಹೆಡ್ ಒಮ್ಮೆ ಅತಿಯಾಗಿ ಕಾದರೆ ಸಾಕು, ಸೊಟ್ಟಗಾಗುತ್ತದೆ ಅಥವಾ ಬಿರುಕು ಬಿಡುತ್ತದೆ. ಎಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿಯಲ್ಲಿ ಸೇರಿದ ಮಣ್ಣು, ಹುಲ್ಲಿನ ಬೀಜ ತೆಗೆಸಿ. ಎಂಜಿನ್ ಕಾದಿರುವಾಗ ಆಫ್ ಮಾಡಿ, ಬೀಗದ ಕೈ ತೆಗೆದಿಟ್ಟು, ಫ್ಯಾನನ್ನು ಕೈಯಿಂದ ತಳ್ಳಿ ನೋಡಿ. ಅಡೆತಡೆ ಇಲ್ಲದೆ ಸುತ್ತುಗಟ್ಟಲೆ ತಿರುಗುತ್ತಲೇ ಇದ್ದರೆ ಫ್ಯಾನಿನ ವಿಸ್ಕಸ್ ಕಪ್ಲಿಂಗ್ ಸತ್ತಿದೆ. ನಿಧಾನಗತಿಯ ಏರಿನಲ್ಲಿ ಅದು ಕೈಕೊಡುತ್ತದೆ. ಹಲವು ಗಾಡಿಗಳ ಟೆಂಪರೇಚರ್ ಮುಳ್ಳು ಬಹಳ ಹೊತ್ತು ಮಧ್ಯದಲ್ಲೇ ನಿಂತು, ಕಾಲ ಮೀರಿದ ಮೇಲೆ ಮೇಲೇಳುತ್ತದೆ. ಮುಳ್ಳಿಗಿಂತ ಕೂಲೆಂಟ್ ಮಟ್ಟವನ್ನು ವಾರಕ್ಕೊಮ್ಮೆ ಕಣ್ಣಾರೆ ನೋಡುವುದನ್ನು ನಾನು ಹೆಚ್ಚು ನಂಬುತ್ತೇನೆ.

ಬ್ರೇಕ್ ಆಯಿಲ್ ಬದಲಿಸಿ, ಚಕ್ರಗಳ ಬಳಿಯ ರಬ್ಬರ್ ಹೋಸ್‌ಗಳನ್ನೂ ಬದಲಿಸಿ. ಇದರಲ್ಲಿ ಯೋಚಿಸುವುದಕ್ಕೇನೂ ಇಲ್ಲ.

ಕೊನೆಗೆ ನಿಮ್ಮ ಆಸೆ. ಗಾಡಿ ಎತ್ತರಿಸುವುದನ್ನು ಒಂದು ವರ್ಷ ಮುಂದೂಡಿ. ಎತ್ತರಿಸಿದಷ್ಟೂ ಪ್ರೊಪೆಲ್ಲರ್ ಶಾಫ್ಟಿನ ಮತ್ತು ಸಿವಿ ಜಾಯಿಂಟಿನ ಕೋನ ಕಡಿದಾಗುತ್ತದೆ, ಬ್ರೇಕ್ ಹೋಸ್ ಗಿಡ್ಡವಾಗುತ್ತದೆ, ಹಿಂದಿನ ಬ್ರೇಕಿನ ಒತ್ತಡವನ್ನು ಭಾರಕ್ಕೆ ತಕ್ಕಂತೆ ಹೊಂದಿಸುವ ವಾಲ್ವ್ ಇದ್ದರೆ ಅದರ ಲೆಕ್ಕವೂ ತಪ್ಪುತ್ತದೆ. ಟೈರಿನ ವ್ಯಾಸ 29 ಇಂಚಿನಿಂದ 33 ಇಂಚಿಗೆ ಏರಿದರೆ ಗೇರಿಂಗ್ ಸುಮಾರು ಶೇಕಡ 14ರಷ್ಟು ಎತ್ತರವಾಗುತ್ತದೆ, ಎಂದರೆ ಚಕ್ರದ ಪ್ರತಿ ಸುತ್ತಿಗೆ ಗಾಡಿ ಅಷ್ಟು ಹೆಚ್ಚು ದೂರ ಹೋಗುತ್ತದೆ. ಕ್ಲಚ್ಚಿಗೆ ಹೆಚ್ಚು ಕೆಲಸ, ಬ್ರೇಕಿಗೆ ಹೆಚ್ಚು ಕೆಲಸ, ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುತ್ತದೆ. ಹದಿನೆಂಟು ವರ್ಷದ ಜಾಯಿಂಟುಗಳ ಸ್ಥಿತಿ ಗೊತ್ತಿಲ್ಲದೆ ಈ ಭಾರ ಹೊರಿಸುವುದು ನನಗೆ ಸರಿ ಕಾಣುವುದಿಲ್ಲ. ಮುಂದೆ ನಾಲ್ಕೂ ಟೈರ್ ಒಟ್ಟಿಗೆ ಬದಲಿಸುವಾಗ ಕಂಪನಿ ಹೇಳಿದ ಅಳತೆಯಲ್ಲೇ ಒಳ್ಳೆಯ ಆಲ್ ಟೆರೈನ್ ಟೈರ್ ಹಾಕಿಸಿ. ಈ ವಾರ ಚಾಸಿ ತಟ್ಟಿ, ನಾಲ್ಕು ಡಬ್ಬಿ ಆಯಿಲ್ ಇಳಿಸಿ, ಬ್ರೀದರ್ ಶುಚಿಮಾಡಿ. ಆಮೇಲೆ ಜಲ್ಲಿ ದಾರಿಯಲ್ಲಿ 4 ಎಚ್‌ಗೆ ಹಾಕಿ ಹದಿನಾರು ಕಿಲೋಮೀಟರ್ ಓಡಿಸಿ, ಲಿವರ್ ಹಿಂದಕ್ಕೆ ಎಳೆಯಿರಿ. ಆಗಲೂ ಬರದಿದ್ದರೆ, ಅಥವಾ ಟ್ರಾನ್ಸ್‌ಫರ್ ಕೇಸಿನ ಡ್ರೇನ್ ಪ್ಲಗ್ಗಿನಲ್ಲಿ ಚೂರು ಸಿಕ್ಕಿದ್ದರೆ, ನಿಮ್ಮ ಮೆಕ್ಯಾನಿಕ್ಕಿಗೆ ಬಿಚ್ಚಲು ಹೇಳಿ.